ನಷ್ಟದಲ್ಲಿ ಎರಡು ಬಗೆ



ಸರ್ಕಾರಿ ಉದ್ದಿಮೆ ನಷ್ಟದಲ್ಲಿದ್ದರೆ ಮಾರಿಬಿಡಿ ಎನ್ನುತ್ತಾರೆ. ಮೊದಲು, ಅದು ಯಾವ ಬಗೆಯ ನಷ್ಟ ಎಂದು ಕೇಳೋಣ.

1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಶುರುಮಾಡಿದ ಎಚ್‌ಎಂಟಿ, ಕ್ವಾರ್ಟ್ಜ್ ಕಾಲ ಬಂದರೂ ಕೀಲಿ ಕೊಡುವ ಗಡಿಯಾರವನ್ನೇ ಹೆಚ್ಚು ನೆಚ್ಚಿತು. 2016ರಲ್ಲಿ ಅದರ ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿತು. ಅದರೆದುರು ಗೆದ್ದ ಟೈಟನ್‌ನಲ್ಲೂ ಟಾಟಾ ಜೊತೆ ತಮಿಳುನಾಡು ಸರ್ಕಾರದ ನಿಗಮದ ಪಾಲಿದೆ. ಸರ್ಕಾರದ ಪಾಲೇ ದೋಷವಲ್ಲ. ಕಾಲಕ್ಕೆ ತಕ್ಕಂತೆ ಬದಲಾಗದಿದ್ದುದು ದೋಷ.

ಅರಕಲಗೂಡಿನ ಹಳ್ಳಿಗೆ ಕೆಎಸ್‌ಆರ್‌ಟಿಸಿ ಬಸ್ಸು ಅರ್ಧ ಖಾಲಿ ಬಂದರೆ ಆ ನಷ್ಟವೇ ಬೇರೆ. ಹುಡುಗಿ ಶಾಲೆಗೆ ಬರುವುದು ಅದರಲ್ಲೇ. ಆ ಖರ್ಚನ್ನು ಸರ್ಕಾರ ಸಕಾಲಕ್ಕೆ ತುಂಬಿಕೊಡಲಿ. ಉಳಿದ ಸೋರಿಕೆಗೆ ನಿಗಮ ಉತ್ತರ ಹೇಳಲಿ.

ಮಕ್ಕಳು ಕಡಿಮೆಯಾದರೆ ನಾಳೆ ನಮ್ಮ ಶಾಲೆಗೂ ಇದೇ ಮಾತು ಬಂದೀತು. ಆಗಲೂ ಎರಡು ಲೆಕ್ಕವನ್ನೂ ಬೇರೆಬೇರೆ ಕೇಳೋಣ.