ನೀತಿಶಾಸ್ತ್ರದ ಉನ್ನತ ವ್ಯಾಸಂಗವೂ ಸದಾಚಾರವೂ



ಕೊರಟಗೆರೆ ಸೀಮೆಯ ಈ ಸಿದ್ದರಬೆಟ್ಟವು ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದುದು. ಮೂಲಿಕೆಯ ಗುಣವನ್ನರಿಯದೆ ಕಿತ್ತು ತಿಂದವನಿಗೆ ಅದು ವಿಷವೂ ಆದೀತು. ಗುಣವನ್ನೆಲ್ಲ ಬಾಯಿಪಾಠ ಮಾಡಿಯೂ ಸೇವಿಸದವನಿಗೆ ರೋಗವು ಬಿಡದು. ನೀತಿಯ ವಿಷಯವೂ ಹಾಗೆಯೇ. ಮಠದ ಅನ್ನವನ್ನುಂಡು ಬೆಳೆದ ತರುಣನು ಎಂ.ಎ. ತರಗತಿಯಲ್ಲಿ ನೀತಿಶಾಸ್ತ್ರವನ್ನು ಓದಬಯಸಿದರೆ, “ಗುರುವಾಕ್ಯವಿರುವಲ್ಲಿ ಈ ಓದೇಕೆ?” ಎಂದು ಹಿರಿಯರು ಕೇಳುವುದುಂಟು. ಆ ಪ್ರಶ್ನೆಯನ್ನು ತಳ್ಳಿಹಾಕದೆ ವಿಚಾರಿಸುವುದು ಯುಕ್ತವು.

ಈ ವ್ಯಾಸಂಗವು ಕನ್ನಡನಾಡಿಗೆ ಹೊಸತಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1918ರಿಂದ 1921ರವರೆಗೆ ಸರ್ವೇಪಲ್ಲಿ ರಾಧಾಕೃಷ್ಣನ್ನರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಎ. ಆರ್. ವಾಡಿಯಾರವರು ದೀರ್ಘಕಾಲ ಅದೇ ಶಾಸ್ತ್ರವನ್ನು ಬೋಧಿಸಿದರು. ಎಂ. ಹಿರಿಯಣ್ಣನವರು ಅಲ್ಲಿ ಹಲವು ವರ್ಷ ಮಾಡಿದ ಉಪನ್ಯಾಸಗಳೇ 1932ರಲ್ಲಿ ಭಾರತೀಯ ದರ್ಶನಗಳನ್ನು ಕುರಿತ ಗ್ರಂಥವಾಗಿ ಪ್ರಕಟವಾದುವು.

ಜನರು ಹೇಗೆ ನಡೆಯುತ್ತಾರೆಂದು ವರ್ಣಿಸುವುದು ಬೇರೆ. ಹೇಗೆ ನಡೆಯತಕ್ಕದ್ದು, ಏತಕ್ಕಾಗಿ, ಎಂದು ನಿರ್ಣಯಿಸುವುದು ಬೇರೆ. ಈ ಎರಡನೆಯದೇ ನಿಯಾಮಕ ನೀತಿಶಾಸ್ತ್ರ. ಅದರಲ್ಲಿ ಮುಖ್ಯವಾಗಿ ಮೂರು ಮಾರ್ಗಗಳುಂಟು. ಆಂಗ್ಲರಾದ ಬೆಂಥಾಮ್, ಮಿಲ್ ಮೊದಲಾದವರು ಕರ್ಮವನ್ನು ಅದರ ಫಲದಿಂದ ತೂಗಿದರು. ಬಹುಜನರ ಸುಖವೇ ಅವರ ತಕ್ಕಡಿ. ಜರ್ಮನಿಯ ಕಾಂಟ್ ಮಹಾಶಯನು 1785ರ ಗ್ರಂಥದಲ್ಲಿ, ಸರ್ವರಿಗೂ ಸಲ್ಲತಕ್ಕ ನಿಯಮವಾಗಲೆಂದು ಮನಸ್ಸೊಪ್ಪಿ ಬಯಸಬಹುದಾದಂತೆ ಮಾತ್ರ ನಡೆಯಬೇಕೆಂದನು. ಪ್ರಾಚೀನ ಗ್ರೀಸಿನ ಅರಿಸ್ಟಾಟಲನು, ಸತ್ಕರ್ಮದ ಅಭ್ಯಾಸದಿಂದಲೇ ಸದ್ಗುಣವು ನೆಲೆಗೊಳ್ಳುವುದೆಂದು ಬೋಧಿಸಿದನು.

ಇವುಗಳನ್ನು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿಟ್ಟು ಪರೀಕ್ಷಿಸಬಹುದು. ಆಯ್ದಕ್ಕಿ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕವನ್ನು ಮರೆತನು. ಲಕ್ಕಮ್ಮನು ಎಚ್ಚರಿಸಲು, ಓಡಿಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಆ ಶರಣೆಯು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಹೇಳಿದಳು. ಹೆಚ್ಚು ಅಕ್ಕಿಯಿಂದ ಹೆಚ್ಚು ಜಂಗಮರು ಉಣ್ಣಬಹುದಲ್ಲವೇ ಎಂದು ಫಲವಾದಿಯು ಮೊದಲು ಕೇಳುವನು. ಮತ್ತೆ ತೂಗಿ ನೋಡಿದರೆ ಉಳಿದ ಬಡವರ ಪಾಲು ಕುಗ್ಗಿತೆಂಬುದನ್ನೂ ಲೆಕ್ಕಕ್ಕೆ ತರುವನು. ಎಲ್ಲರೂ ಹೀಗೆ ಬಾಚಿದರೆ ಗತಿಯೇನೆಂದು ಕಾಂಟನ ಶಿಷ್ಯನು ಕೇಳುವನು. ಒಂದು ಹಿಡಿಯ ಆಸೆಯೇ ನಾಳೆ ಸ್ವಭಾವವಾಗುವುದೆಂದು ಅರಿಸ್ಟಾಟಲನ ಅನುಯಾಯಿಯು ಎಚ್ಚರಿಸುವನು. ಲಕ್ಕಮ್ಮನು ಇವರಾರನ್ನೂ ಓದಿದವಳಲ್ಲ. ಆದರೂ ಆಕೆಯ ನಡೆಯು ಮೂರು ಪರೀಕ್ಷೆಗಳಲ್ಲಿಯೂ ನಿಲ್ಲುವುದು.

ಹಾಗಾದರೆ ಓದು ವ್ಯರ್ಥವೇ? ಅಲ್ಲ. ಮಧುಗಿರಿ, ಸಿರಾ, ಪಾವಗಡಗಳ ಬರಡು ಸೀಮೆಯಲ್ಲಿ ಇಂದಿನ ಪ್ರಶ್ನೆಯು ಅಕ್ಕಿಯದಕ್ಕಿಂತ ನೀರಿನದು. ತನ್ನ ಹೊಲದ ಕೊಳವೆಬಾವಿಯಿಂದ ಒಬ್ಬನು ಎಷ್ಟು ನೀರೆತ್ತಬಹುದು? ನೆರೆಯವನ ಬಾವಿಯು ಬತ್ತಿದರೆ ಅವನ ಹೊಣೆಯೆಷ್ಟು? ಹುಟ್ಟದಿರುವ ಮಕ್ಕಳಿಗೂ ಅದರಲ್ಲಿ ಪಾಲುಂಟೇ? ಈ ಪ್ರಶ್ನೆಗಳು ಪೂರ್ವಿಕರೆದುರು ಈ ರೂಪದಲ್ಲಿ ಬರಲಿಲ್ಲ. ಹಳೆಯ ನಡೆಯೊಳಗಿನ ಕಾರಣವನ್ನು ಬಿಡಿಸಿ ಹೊಸ ಸಂಗತಿಗೆ ಹೊಂದಿಸಬಲ್ಲವನು ಬೇಕು. ಅಂತಹವನನ್ನು ಸಿದ್ಧಪಡಿಸುವುದೇ ಉನ್ನತ ವ್ಯಾಸಂಗದ ಪ್ರಯೋಜನವು. ಶೂನ್ಯಸಂಪಾದನೆಯು ಪ್ರಶ್ನೋತ್ತರ ರೂಪವಾಗಿಯೇ ಬೆಳೆದಿರುವುದರಿಂದ, ಪ್ರಶ್ನಿಸುವುದು ಗುರುದ್ರೋಹವೆಂದು ಶರಣಮಾರ್ಗದವರು ಭಾವಿಸಬೇಕಾಗಿಲ್ಲ.

ವಿದ್ಯಾರ್ಥಿಯಾದವನಿಗೂ ಒಂದು ಮಾತುಂಟು. ಗೋಷ್ಠಿಯ ರುಚಿಯಲ್ಲಿ ಮಾರಯ್ಯನಂತಹ ಶರಣನೂ ಕಾಯಕವನ್ನು ಮರೆತನು. ಸತ್ಯವನ್ನು ಕುರಿತು ನೂರು ಪುಟ ಬರೆದು, ಪರೀಕ್ಷೆಯಲ್ಲಿ ನೆರೆಯವನ ಉತ್ತರವನ್ನು ನಕಲು ಮಾಡುವವನಿಗೆ ಪದವಿಯು ದೊರೆತೀತು, ನೀತಿಯು ದೊರೆಯದು. ಪಂಚಾಚಾರಗಳಲ್ಲೊಂದಾದ ಸದಾಚಾರವನ್ನು ಯಾವ ಪರೀಕ್ಷಕನೂ ಅಂಕವಿತ್ತು ಅಳೆಯಲಾರನು. ಮನೆಯಲ್ಲಿ ಲಕ್ಕಮ್ಮನಂತಹವರು ಅಳೆಯುವರು.

ಆದುದರಿಂದ ಹಿರಿಯರು ಓದಬಯಸುವ ಮಕ್ಕಳನ್ನು ತಡೆಯದೆ ಹರಸಿ ಕಳುಹಲಿ. ಓದಿ ಬಂದ ಮಕ್ಕಳು ಊರಿನ ಬಾವಿಯ ಕಟ್ಟೆಯ ಮೇಲೆ ಕುಳಿತು, ಕಲಿತುದನ್ನು ಕನ್ನಡದಲ್ಲಿ ತಿಳಿಯಹೇಳಿ, ಮೊದಲು ತಮ್ಮ ಪಾಲಿನ ನೀರನ್ನು ಅಳೆದುಕೊಳ್ಳಲಿ. ಸರ್ವರಿಗೂ ಶುಭವಾಗಲಿ.