ಇಂಗ್ಲಿಷ್ ಕಾಗದದಲ್ಲಿ ‘ಹ್ಯಾಡ್’ ಎಲ್ಲಿ ಬರಬೇಕು?
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕನ್ನಡದ ಕೂಟದಲ್ಲಿ ನಿಂತು ಇಂಗ್ಲಿಷಿನ ವ್ಯಾಕರಣವನ್ನು ಹೇಳುವುದೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮುಂಬಯಿಯಲ್ಲಿರುವ ನಮಗೆ ಮನೆಯ ಮಾತಿಗೆ ಕನ್ನಡವುಂಟು, ಬೀದಿಯ ಮಾತಿಗೆ ಮರಾಠಿ ಹಿಂದಿಗಳುಂಟು. ಆದರೆ ರಜೆಯ ಅರ್ಜಿ, ತಡವಾದುದಕ್ಕೆ ಸಮಜಾಯಿಷಿ, ಬಾಕಿ ಸಂಬಳದ ಮನವಿ, ಇವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಹೋಗಬೇಕಾಗಿದೆ. ಕಾಗದದಲ್ಲಿ ಹೋದರೂ ಅಷ್ಟೇ, ಈಗಿನಂತೆ ಇಮೇಲಿನಲ್ಲಿ ಹೋದರೂ ಅಷ್ಟೇ. ಅಲ್ಲಿ ಒಂದು ಪದ ತಪ್ಪಿದರೆ ನಗುವವರು ನಕ್ಕಾರು, ಅದು ದೊಡ್ಡದಲ್ಲ. ಕೆಲವು ಸಲ ಸಂಬಳವೇ ತಪ್ಪುತ್ತದೆ. ನಮಗೆ ಹಾಗೆ ತಪ್ಪಿದ್ದುಂಟು. ಆ ಕಥೆಯಿಂದಲೇ ಆರಂಭಿಸುತ್ತೇವೆ.

1987ರಲ್ಲಿ ನಾವು ಈ ಊರಿನ ಒಂದು ಗೋದಾಮಿನ ಕಚೇರಿಯಲ್ಲಿ ಕಿರಿಯ ಗುಮಾಸ್ತರಾಗಿದ್ದೆವು. ಒಂದು ಶನಿವಾರ ಸಂಜೆ ಆರು ಗಂಟೆಗೆ ಬೀಗದ ಕೈಯನ್ನು ಕಾವಲುಗಾರನಿಗೆ ಒಪ್ಪಿಸಿ, ಅವನ ಪುಸ್ತಕದಲ್ಲಿ ರುಜು ಹಾಕಿ, ಮನೆಗೆ ಹೋದೆವು. ಏಳು ಗಂಟೆಗೆ ಲಾರಿ ಬಂದು ಆರು ಪೆಟ್ಟಿಗೆ ಇಳಿದವು. ಸೋಮವಾರ ಎಣಿಸಿದರೆ ಐದೇ. ಬರಹದಲ್ಲಿ ಸಮಜಾಯಿಷಿ ಕೊಡಬೇಕೆಂದು ನಮಗೆ ಚೀಟಿ ಬಂತು. ನಾವು ಬರೆದುದು ಹೀಗೆ: ‘ಸಿಕ್ಸ್ ಬಾಕ್ಸಸ್ ಕೇಮ್ ಅಟ್ ಸೆವೆನ್ ಓಕ್ಲಾಕ್. ಐ ಗೇವ್ ದಿ ಕೀ ಟು ದಿ ವಾಚ್‌ಮನ್ ಅಂಡ್ ವೆಂಟ್ ಹೋಮ್.’

ಮನಸ್ಸಿನಲ್ಲಿದ್ದ ಕನ್ನಡ ಸರಿಯಾಗಿಯೇ ಇತ್ತು: ‘ಏಳು ಗಂಟೆಗೆ ಪೆಟ್ಟಿಗೆ ಬಂದವು, ನಾನು ಬೀಗದ ಕೈ ಕೊಟ್ಟು ಮನೆಗೆ ಹೋಗಿದ್ದೆ.’ ಆದರೆ ಇಂಗ್ಲಿಷನ್ನು ಓದಿದ ಮೇಲಧಿಕಾರಿಗೆ ತಿಳಿದುದು ಬೇರೆ. ಮೊದಲು ಪೆಟ್ಟಿಗೆ ಬಂದವು, ಆಮೇಲೆ ಇವನು ಬೀಗದ ಕೈ ಕೊಟ್ಟ, ಆಮೇಲೆ ಮನೆಗೆ ಹೋದ. ಅಂದಮೇಲೆ ಪೆಟ್ಟಿಗೆ ಇಳಿಯುವಾಗ ಇವನು ಅಲ್ಲಿಯೇ ಇದ್ದ! ಹೋದ ಪೆಟ್ಟಿಗೆಯ ಬೆಲೆಯನ್ನು ಮೂರು ಕಂತಿನಲ್ಲಿ ನಮ್ಮ ಸಂಬಳದಿಂದ ಹಿಡಿಯಬೇಕೆಂದು ಆಜ್ಞೆಯಾಯಿತು. ನಾವು ಸುಳ್ಳು ಬರೆದಿರಲಿಲ್ಲ. ಆದರೂ ನಮ್ಮ ವಾಕ್ಯವೇ ನಮ್ಮ ಮೇಲೆ ಸಾಕ್ಷಿ ನುಡಿಯಿತು.

ಮೊದಲನೆಯ ಕಂತು ಹೋದಮೇಲೆ ಪಕ್ಕದ ಮೇಜಿನ ಹಿರಿಯ ಗುಮಾಸ್ತರೊಬ್ಬರು ನಮ್ಮ ನಕಲು ಪ್ರತಿಯನ್ನು ಓದಿ, “ಅಯ್ಯಾ, ಇದರಲ್ಲಿ ಹ್ಯಾಡ್ ಎಲ್ಲಿ?” ಎಂದು ಕೇಳಿದರು. ಅವರು ಕೂರಿಸಿ ಬರೆಸಿದ ವಾಕ್ಯ ಇದು: ‘ದಿ ಬಾಕ್ಸಸ್ ಕೇಮ್ ಅಟ್ ಸೆವೆನ್ ಓಕ್ಲಾಕ್. ಬೈ ದಟ್ ಟೈಮ್ ಐ ಹ್ಯಾಡ್ ಗಿವನ್ ದಿ ಕೀ ಟು ದಿ ವಾಚ್‌ಮನ್ ಅಂಡ್ ಹ್ಯಾಡ್ ಗಾನ್ ಹೋಮ್.’ ಅದನ್ನು ಓದಿದ ಬಳಿಕವೇ ಕಾವಲುಗಾರನ ಪುಸ್ತಕವನ್ನು ತರಿಸಿ ನೋಡಬೇಕೆಂದು ಅವರಿಗೆ ತೋರಿತು. ಆರು ಗಂಟೆಯ ರುಜು ಅಲ್ಲಿತ್ತು. ಉಳಿದ ಎರಡು ಕಂತು ರದ್ದಾದವು. ಹೋದ ಕಂತು ಮಾತ್ರ ಹಿಂದಿರುಗಲಿಲ್ಲ. ಅದನ್ನು ಪಾಠದ ಶುಲ್ಕವೆಂದು ಬರೆದುಕೊಂಡೆವು.

ನಾವು ‘ಹ್ಯಾಡ್’ ಬಿಟ್ಟುದೇಕೆ? ಅದಕ್ಕೂ ಕಾರಣವುಂಟು. ಶಾಲೆಯಲ್ಲಿದ್ದಾಗ ‘ನಿನ್ನೆ ಸಂತೆಗೆ ಹೋಗಿದ್ದೆ’ ಎಂಬುದನ್ನು ‘ಐ ಹ್ಯಾಡ್ ಗಾನ್ ಟು ದಿ ಮಾರ್ಕೆಟ್ ಯೆಸ್ಟರ್‌ಡೇ’ ಎಂದು ಬರೆದು ಮೇಷ್ಟರಿಂದ ಏಟು ತಿಂದಿದ್ದೆವು. ಅಂದಿನಿಂದ ಆ ಪದವೆಂದರೆ ಭಯ. ಮೇಷ್ಟರ ತಿದ್ದುಪಡಿಯೂ ಸರಿ, ಹಿರಿಯ ಗುಮಾಸ್ತರ ತಿದ್ದುಪಡಿಯೂ ಸರಿ. ಕನ್ನಡದ ‘ಹೋಗಿದ್ದೆ’ ಎರಡು ಕೆಲಸ ಮಾಡುತ್ತದೆ. ಹೋಗಿ ಬಂದೆ ಎಂಬುದನ್ನೂ ಹೇಳುತ್ತದೆ. ಇನ್ನೊಂದು ಸಂಗತಿ ನಡೆಯುವ ಮೊದಲೇ ಹೋದೆ ಎಂಬುದನ್ನೂ ಹೇಳುತ್ತದೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಎರಡನೆಯದನ್ನು ಮಾತ್ರ ಹೇಳುತ್ತದೆ. ಸಂತೆಗೆ ಸುಮ್ಮನೆ ಹೋಗಿ ಬಂದವನಿಗೆ ‘ವೆಂಟ್’ ಸಾಕು.

ಠಾಣೆಯಿಂದ ಪೇಟೆಯ ಕಡೆಗೆ ಬರುವ ಲೋಕಲ್ ಗಾಡಿಯನ್ನು ನೆನೆಯಿರಿ. ಮೊದಲು ಕುರ್ಲಾ, ಆಮೇಲೆ ದಾದರು. ದಾದರಿನಲ್ಲಿ ನಿಂತು ಹಿಂದಿರುಗಿ ನೋಡಿದರೆ ಕುರ್ಲಾ ದಾಟಿದ್ದಾಗಿದೆ. ‘ಹ್ಯಾಡ್’ ಎಂಬುದು ಕುರ್ಲಾದ ಗುರುತು. ದಾದರು ಯಾವುದೆಂದು ಹೇಳದೆ ಬರಿಯ ‘ಹ್ಯಾಡ್’ ಬರೆದರೆ ಓದುವವನು ‘ಯಾವುದಕ್ಕೆ ಮೊದಲು?’ ಎಂದು ಕಾಯುತ್ತಾ ಕೂರುತ್ತಾನೆ. ಆ ಎರಡನೆಯ ನಿಲ್ದಾಣವನ್ನು ತೋರಿಸುವುದಕ್ಕೆ ಇಂಗ್ಲಿಷಿನಲ್ಲಿ ಕೆಲವು ಪುಟ್ಟ ಪದಗಳಿವೆ. ಕನ್ನಡದಲ್ಲಿ ಇವು ನಾಮಪದದ ಬೆನ್ನಿಗೆ ಬರುತ್ತವೆ: ಏಳರ ಹೊತ್ತಿಗೆ, ಏಳಕ್ಕೆ ಮುಂಚೆ, ಏಳರ ತನಕ. ಇಂಗ್ಲಿಷಿನಲ್ಲಿ ನಾಮಪದಕ್ಕಿಂತ ಮೊದಲೇ ನಿಲ್ಲುತ್ತವೆ. ಆದುದರಿಂದ ಇವಕ್ಕೆ ಪ್ರಿಪೊಸಿಷನ್ ಎಂದು ಹೆಸರು.

ಮೊದಲನೆಯದು ‘ಬೈ’, ನಮ್ಮ ‘ಹೊತ್ತಿಗೆ’. ‘ಅಟ್ ಟೆನ್ ಓಕ್ಲಾಕ್ ದಿ ಕ್ಲರ್ಕ್ ಕ್ಲೋಸ್ಡ್ ದಿ ರಿಜಿಸ್ಟರ್’ ಎಂದರೆ ಮುಚ್ಚಿದುದು ಹತ್ತಕ್ಕೆ. ಹತ್ತಕ್ಕೆ ಒಂದು ನಿಮಿಷವಿರುವಾಗ ಬಂದವನು ರುಜು ಹಾಕಬಹುದಿತ್ತು. ‘ಬೈ ಟೆನ್ ಓಕ್ಲಾಕ್ ದಿ ಕ್ಲರ್ಕ್ ಹ್ಯಾಡ್ ಕ್ಲೋಸ್ಡ್ ದಿ ರಿಜಿಸ್ಟರ್’ ಎಂದರೆ ಹತ್ತಾಗುವಷ್ಟರಲ್ಲಿ ಮುಚ್ಚಿಯಾಗಿತ್ತು. ಅರ್ಧ ದಿನದ ಸಂಬಳ ಈ ಎರಡು ವಾಕ್ಯಗಳ ನಡುವೆ ತೂಗಾಡಬಹುದು.

ಎರಡನೆಯದು ‘ಅಂಟಿಲ್’, ನಮ್ಮ ‘ತನಕ’. ನಮ್ಮ ನಾಡಿಗೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ಇದನ್ನು ಹೀಗೆ ಬರೆಯಬೇಕು: ‘ದಿ ಸ್ಟೇಟ್ ವಾಸ್ ನೇಮ್ಡ್ ಕರ್ನಾಟಕ ಇನ್ 1973. ಅಂಟಿಲ್ ದೆನ್ ಇಟ್ ಹ್ಯಾಡ್ ಬೀನ್ ಕಾಲ್ಡ್ ಮೈಸೂರ್.’ ಒಂದು ಹೊತ್ತಿಗೆ ಮುಗಿದ ಕೆಲಸಕ್ಕೆ ‘ಬೈ’, ಆ ಹೊತ್ತಿನ ತನಕ ನಡೆದುಕೊಂಡು ಬಂದ ಸ್ಥಿತಿಗೆ ‘ಅಂಟಿಲ್’.

ಮೂರನೆಯದು ಒಂದು ಜೋಡಿ, ‘ಫಾರ್’ ಮತ್ತು ‘ಸಿನ್ಸ್’. ಇಲ್ಲಿ ಕನ್ನಡಿಗರು ಎಡವುವುದು ಹೆಚ್ಚು. ನಾವು ‘ಇಪ್ಪತ್ತು ವರ್ಷದಿಂದ’ ಎನ್ನುತ್ತೇವೆ, ‘1962ರಿಂದ’ ಎಂದೂ ಎನ್ನುತ್ತೇವೆ. ‘ಇಂದ’ ಎರಡಕ್ಕೂ ಒಂದೇ. ಆದುದರಿಂದ ‘ಸಿನ್ಸ್ ಟ್ವೆಂಟಿ ಇಯರ್ಸ್’ ಎಂದು ಬರೆದುಬಿಡುತ್ತೇವೆ. ಅದು ತಪ್ಪು. ಕಾಲದ ಉದ್ದಕ್ಕೆ ‘ಫಾರ್’, ಕಾಲ ಹೊರಟ ಬಿಂದುವಿಗೆ ‘ಸಿನ್ಸ್’. ಈ ಊರಿನ ಗಿರಣಿ ಮುಷ್ಕರ ಆರಂಭವಾದುದು 1982ರ ಜನವರಿಯಲ್ಲಿ. ಆಗ ಇಪ್ಪತ್ತು ವರ್ಷ ದುಡಿದಿದ್ದವನ ಮಗ ಬರೆಯಬೇಕಾದುದು: ‘ವೆನ್ ದಿ ಸ್ಟ್ರೈಕ್ ಬಿಗ್ಯಾನ್, ಮೈ ಫಾದರ್ ಹ್ಯಾಡ್ ವರ್ಕ್ಡ್ ಇನ್ ದಿ ಮಿಲ್ ಫಾರ್ ಟ್ವೆಂಟಿ ಇಯರ್ಸ್’, ಇಲ್ಲವೇ ಕೊನೆಯಲ್ಲಿ ‘ಸಿನ್ಸ್ 1962’. ಗ್ರಾಚ್ಯುಯಿಟಿಯ ಲೆಕ್ಕ ಸೇವೆಯ ವರ್ಷಗಳ ಮೇಲೆ ನಿಲ್ಲುವುದರಿಂದ ಈ ಮಾತು ಬರಿಯ ಚೆಂದಕ್ಕಲ್ಲ.

‘ಬಿಫೋರ್’, ‘ಆಫ್ಟರ್’ ಇವುಗಳ ವಿಷಯ ಸುಲಭ. ಹಿಂದುಮುಂದನ್ನು ಅವೇ ಹೇಳುವುದರಿಂದ ‘ದಿ ಟ್ರೇನ್ ಲೆಫ್ಟ್ ಬಿಫೋರ್ ಮೈ ಅರೈವಲ್’ ಎಂದರೆ ಸಾಕು; ‘ಹ್ಯಾಡ್ ಲೆಫ್ಟ್’ ಎಂದರೂ ತಪ್ಪಲ್ಲ. ಆದರೆ ‘ವೆನ್’ ಬಂದರೆ ಎಚ್ಚರ. ‘ವೆನ್ ಐ ಅರೈವ್ಡ್, ದಿ ಟ್ರೇನ್ ಲೆಫ್ಟ್’ ಎಂದರೆ ತಾವು ಬಂದಿರಿ, ತಮ್ಮ ಕಣ್ಣೆದುರಿಗೇ ಗಾಡಿ ಹೊರಟಿತು. ಹತ್ತಲಿಲ್ಲವೇಕೆ ಎಂದು ಕೇಳಿಯಾರು. ‘ಹ್ಯಾಡ್ ಲೆಫ್ಟ್’ ಎಂದರೆ ತಾವು ಬಂದಾಗ ಪ್ಲಾಟ್‌ಫಾರಂ ಬರಿದಾಗಿತ್ತು.

ಇನ್ನೆರಡು ಮಾತು. ‘ಹ್ಯಾಡ್’ ಆದಮೇಲೆ ಕ್ರಿಯಾಪದದ ಮೂರನೆಯ ರೂಪ ಬರಬೇಕು. ‘ಹ್ಯಾಡ್ ವೆಂಟ್’ ಕೂಡದು. ಹಣದ ಕಾಗದದಲ್ಲಂತೂ ‘ಐ ಹ್ಯಾಡ್ ಪೇಡ್’ ಎಂದರೆ ನಾನು ಕೊಟ್ಟಿದ್ದೆ, ‘ಐ ಹ್ಯಾಡ್ ಬೀನ್ ಪೇಡ್’ ಎಂದರೆ ನನಗೆ ಕೊಟ್ಟಿದ್ದರು. ನಡುವಿನ ‘ಬೀನ್’ ಜಾರಿದರೆ ಸಾಲಗಾರ ಧಣಿಯಾದಾನು, ಧಣಿ ಸಾಲಗಾರನಾದಾನು!

ಕೊನೆಗೆ ನಮ್ಮ ಬಿನ್ನಹವಿಷ್ಟೇ. ಕಾಗದ ಬರೆಯುವ ಮೊದಲು ಸಂಗತಿಯನ್ನು ಕನ್ನಡದಲ್ಲಿಯೇ ಯೋಚಿಸಿ, ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂದು ಒಂದು ಚೀಟಿಯಲ್ಲಿ ಎರಡು ಚುಕ್ಕೆ ಇಡಿರಿ. ಬರೆಯುವಾಗ ಆ ಕ್ರಮ ತಿರುಗುಮುರುಗಾದರೆ, ಮೊದಲು ನಡೆದುದಕ್ಕೆ ‘ಹ್ಯಾಡ್’ ಹಚ್ಚಿರಿ. ನಕಲು ಪ್ರತಿಯನ್ನು ತಪ್ಪದೆ ಇಟ್ಟುಕೊಳ್ಳಿರಿ. ನಮ್ಮ ಕಪಾಟಿನಲ್ಲಿ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವಿದೆ. ಭಾನುವಾರಗಳಲ್ಲಿ ನಾವೂ ಇರುತ್ತೇವೆ. ಕರಡನ್ನು ತಂದು ತೋರಿಸಲು ಯಾರೂ ನಾಚಬೇಕಾಗಿಲ್ಲ. ಅಂದು ಆ ಹಿರಿಯರು ನಮ್ಮನ್ನು ಕೂರಿಸಿಕೊಂಡಂತೆ ನಾವೂ ಇನ್ನೊಬ್ಬರನ್ನು ಕೂರಿಸಿಕೊಂಡರೆ ಅವರ ಋಣ ಸ್ವಲ್ಪವಾದರೂ ತೀರೀತು.