ನವೆಂಬರದ ಲೆಕ್ಕ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ವರ್ಷ ಕಳೆಯುತ್ತ ಬಂತು, ಅದರ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಸಾಹಿತಿಯಲ್ಲ, ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು. ನಮ್ಮ ಕಚೇರಿಯಲ್ಲಿ ವರ್ಷ ಮುಗಿಯುವುದು ಮಾರ್ಚಿ 31ಕ್ಕೆ, ಮನೆಯ ಹೆಂಗಸರಿಗೆ ಯುಗಾದಿಗೆ, ಮಕ್ಕಳಿಗೆ ಡಿಸೆಂಬರದಲ್ಲಿ. ಆದರೆ ಪರವೂರಿನಲ್ಲಿರುವ ಕನ್ನಡಿಗನಿಗೆ ನವೆಂಬರವೇ ವರ್ಷದ ಕೊನೆಯೆಂದು ನನಗೆ ತೋರುತ್ತದೆ. 1956ರ ನವೆಂಬರ 1ರಂದು ನಾಡು ಒಂದಾಯಿತು, 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆ ನೆಪದಲ್ಲಿ ನಾವು ಇಲ್ಲಿ ಸೇರಿ, ಹೋದ ವರ್ಷ ಪಕ್ಕದ ಕುರ್ಚಿಯಲ್ಲಿದ್ದವರು ಈ ಸಲ ಯಾಕೆ ಕಾಣಲಿಲ್ಲವೆಂದು ವಿಚಾರಿಸಿಕೊಳ್ಳುತ್ತೇವೆ.

ಬ್ಯಾಂಕಿನಲ್ಲಿಯೂ ನವೆಂಬರವು ವಿಚಾರಣೆಯ ತಿಂಗಳೇ. ಸರಕಾರಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ಜೀವಿತ ಪ್ರಮಾಣಪತ್ರ ಕೊಡುವ ತಿಂಗಳು ಇದು. 2014ರಿಂದ ಬೆರಳಚ್ಚು ಒತ್ತಿ ಗಣಕಯಂತ್ರದ ಮೂಲಕವೂ ಕೊಡಬಹುದು; ಈಗಂತೂ ಮೊಬೈಲಿಗೆ ಮುಖ ತೋರಿಸಿದರೆ ಸಾಕು. ಆದರೂ ನಮ್ಮಲ್ಲಿಗೆ ಮುದುಕರು ಬಂದೇ ಬರುತ್ತಾರೆ. ಸಹಿ ಹಾಕಲಿಕ್ಕೆ ಎರಡು ನಿಮಿಷ, ಬೆಂಚಿನ ಮೇಲೆ ಕುಳಿತು ಹಳೆಯ ಜೊತೆಗಾರರ ದಾರಿ ಕಾಯಲಿಕ್ಕೆ ಎರಡು ಗಂಟೆ. 'ಅವರು ಬಂದು ಹೋದರೇ?' ಎಂದು ಮೆಲ್ಲಗೆ ನನ್ನನ್ನು ಕೇಳುತ್ತಾರೆ. ನಿಯಮದ ಪ್ರಕಾರ ನಾನು ಅದನ್ನು ಹೇಳುವ ಹಾಗಿಲ್ಲ.

ನಮ್ಮ ತಂದೆಯವರು ಕುಂದಾಪುರದ ಕಡೆಯವರು. 1974ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ, ಫೋರ್ಟಿನ ಒಂದು ಹೋಟೆಲಿಗೆ ಬಂದು ಸೇರಿದರು. ಹಗಲು ಮೇಜು ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ, ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳ ನಡುವೆ ಚಾಪೆ. ಇಲ್ಲಿ ಕುಳಿತ ಹಿರಿಯರಲ್ಲಿ ಅನೇಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರೊಂದಿಗೆ ಅದೇ ಪ್ರಾಯದ ಇನ್ನೊಬ್ಬ ಹುಡುಗನಿದ್ದ. ಇಬ್ಬರಿಗೂ ಸೇರಿ ಒಂದು ತಗಡಿನ ಟ್ರಂಕು, ಎರಡು ಬೀಗದಕೈ. ಮುಂದೆ ತಂದೆಯವರಿಗೆ ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿ ಅವರು ಡೊಂಬಿವಲಿಯವರಾದರು. ಗೆಳೆಯರು ಟ್ರಂಕನ್ನು ಹೊತ್ತು ಊರಿಗೆ ಮರಳಿ ಚಿಕ್ಕ ಅಂಗಡಿ ಹಾಕಿದರು.

ಆಗ ಊರಿಗೆ ಹೋಗಬೇಕೆಂದರೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿಯ ಪ್ರಯಾಣ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ, ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧಾ ಹತ್ತಿದವನು ಬೆಳಗಾಗುವುದರೊಳಗೆ ಕುಂದಾಪುರದಲ್ಲಿ ಇಳಿಯುವಂತಾಯಿತು. ದಾರಿ ಹತ್ತಿರವಾಯಿತು, ಹೋಗಿಬರುವುದು ಮಾತ್ರ ಹೆಚ್ಚಲಿಲ್ಲ. ಪತ್ರ ನಿಂತು ಫೋನು ಬಂತು, ಫೋನಿನ ನಂಬರು ಬದಲಾಯಿತು. 2023ರ ಮಳೆಗಾಲದಲ್ಲಿ ಊರವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉತ್ತರಕ್ರಿಯೆಯ ಕರೆ ಬಂದಾಗಲೇ ಗೆಳೆಯರು ತೀರಿಕೊಂಡ ಸುದ್ದಿ ತಿಳಿದದ್ದು. 'ಅವ ಹೋದ್ದೇ ನಂಗ್ ಗೊತ್ತಾಯ್ಲಿಲ್ಲ ಕಾಣ್' ಎಂದು ತಂದೆಯವರು ಒಂದೇ ಮಾತು ಆಡಿದರು. ಮುಂಬಯಿಯಲ್ಲಿ ಅರ್ಧ ಶತಮಾನ ಕಳೆದವರು, ನಮ್ಮೊಡನೆ ಎಂದೂ ಆಡದ ಊರಿನ ಭಾಷೆಯಲ್ಲಿ.

ಮರುದಿನವೇ ಹೊರಟರು. ಆ ಮನೆಯಲ್ಲಿ ಮಗನಿಗೆ ಇವರ ಗುರುತು ಸಿಗಲಿಲ್ಲ. 'ನಾನ್ ನಿನ್ನ ಅಪ್ಪಯ್ಯನ ಬೊಂಬಾಯಿ ದೋಸ್ತಿ' ಎಂದು ಹೇಳಿಕೊಳ್ಳಬೇಕಾಯಿತು. ಒಂದು ದಿನಕ್ಕೆಂದು ಹೋದವರು ನಾಲ್ಕು ದಿನ ಉಳಿದರು. ಆ ಹುಡುಗ ತನ್ನ ತಂದೆಯ ಮುಂಬಯಿಯ ಸಂಗತಿಗಳನ್ನೆಲ್ಲ ಕೆದಕಿ ಕೆದಕಿ ಕೇಳಿದನಂತೆ. ಮನೆಯಲ್ಲಿ ಅವರು ಅದನ್ನು ಹೇಳಿದ್ದೇ ಇಲ್ಲವಂತೆ. ಟ್ರಂಕಿನ ತಳದಲ್ಲಿ ಮುಂಬಯಿ ಶಾಖೆಯೊಂದರ ಹಳೆಯ ಪಾಸ್‌ಪುಸ್ತಕ ಸಿಕ್ಕಿತು. ಅದನ್ನು ನೋಡಿ ತಂದೆಯವರು, ಈ ಖಾತೆ ತೆರೆಯುವಾಗ ಪರಿಚಯದ ಸಹಿ ಹಾಕಿದವನು ನಾನೇ ಎಂದರಂತೆ. ಹಿಂದೆ ಹಾಗೆಯೇ ಇತ್ತು: ಖಾತೆಯಿದ್ದ ಒಬ್ಬನು ಹೊಸಬನನ್ನು ಬಲ್ಲೆನೆಂದು ಬರೆದುಕೊಡಬೇಕಾಗಿತ್ತು.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳನ್ನು ತಾವು ಬಲ್ಲಿರಿ: 1906ರ ಕೆನರಾ ಮತ್ತು ಕಾರ್ಪೊರೇಶನ್, 1925ರ ಸಿಂಡಿಕೇಟ್, 1931ರ ವಿಜಯಾ. ಇವುಗಳಲ್ಲಿ ವಿಜಯಾ 2019ರಲ್ಲಿ ಬರೋಡಾ ಬ್ಯಾಂಕಿನೊಳಗೂ, 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೂ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೂ ಸೇರಿದವು. ಬೋರ್ಡು ಹೋಯಿತೆಂದು ಹಣ ಹೋಗಲಿಲ್ಲ. ಎರಡು ವರ್ಷ ಖಾತೆದಾರನು ತಾನಾಗಿ ಹಾಕುವುದು ತೆಗೆಯುವುದು ಮಾಡದಿದ್ದರೆ ಖಾತೆ ನಿಷ್ಕ್ರಿಯವೆನಿಸುತ್ತದೆ. ಹತ್ತು ವರ್ಷ ಹಾಗೆಯೇ ಉಳಿದರೆ ಹಣವು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ನಿಧಿಗೆ ಹೋಗುತ್ತದೆ. ಆಮೇಲೂ ಖಾತೆದಾರನಾಗಲಿ ವಾರಸುದಾರರಾಗಲಿ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. 2023ರಿಂದ ಉದ್ಗಮ್ ಎಂಬ ಜಾಲತಾಣದಲ್ಲಿ ಹುಡುಕಲೂಬಹುದು. ತಮ್ಮ ಮನೆಯ ಅಟ್ಟದಲ್ಲೂ ಅಂಥ ಪುಸ್ತಕವಿದ್ದರೆ ಸಭೆ ಮುಗಿದ ಮೇಲೆ ನನ್ನನ್ನು ಕೇಳಿರಿ, ಸಂಕೋಚ ಬೇಡ.

ಈ ನಿಯಮದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಬ್ಯಾಂಕು ತಾನೇ ಜಮಾ ಮಾಡುವ ಬಡ್ಡಿಯನ್ನು ವ್ಯವಹಾರವೆಂದು ಎಣಿಸುವುದಿಲ್ಲ. ಉಳಿತಾಯ ಖಾತೆಗೆ ಬಡ್ಡಿ ಬೀಳುತ್ತಲೇ ಇರುತ್ತದೆ, ಖಾತೆ ನಿಷ್ಕ್ರಿಯವಾಗಿಯೇ ಇರುತ್ತದೆ. ಪ್ರತಿದಿನ ಬೆಳಿಗ್ಗೆ ಮೊಬೈಲಿಗೆ ಬಂದು ಬೀಳುವ ಹೂವಿನ ಚಿತ್ರ, ದೀಪಾವಳಿಯ ಶುಭಾಶಯ, ಇವೆಲ್ಲ ನನ್ನ ಲೆಕ್ಕದಲ್ಲಿ ಇಂಥ ಬಡ್ಡಿಯೇ. ಕೈಯಾರೆ ಬರೆದದ್ದೊಂದು, ಬಾಯಾರೆ ಕೇಳಿದ್ದೊಂದು ಇದ್ದರೆ ಮಾತ್ರ ನಮೂದು.

ದೂರವೆಂದರೆ ಊರೊಂದೇ ದೂರವೆಂದು ತಿಳಿಯಬಾರದು. ಮಸ್ಕತ್ತಿನಲ್ಲಿರುವ ನನ್ನ ಗೆಳೆಯನ ಮುಖವನ್ನು ವಾರಕ್ಕೊಮ್ಮೆ ಫೋನಿನಲ್ಲಿ ಕಾಣುತ್ತೇನೆ. ಮೀರಾರೋಡಿನಲ್ಲಿರುವ ಸಹಪಾಠಿಯನ್ನು ಕಾಣಬೇಕಾದರೆ ಡೊಂಬಿವಲಿಯಿಂದ ದಾದರಿಗೆ ಬಂದು, ಸೇತುವೆ ದಾಟಿ, ಪಶ್ಚಿಮ ರೈಲ್ವೆಯ ಗಾಡಿ ಹಿಡಿಯಬೇಕು. ಭಾನುವಾರ ಅರ್ಧ ಅಲ್ಲಿಗೇ ಮುಗಿಯಿತು. ಆದ್ದರಿಂದ ನಾವಿಬ್ಬರೂ ಮಾಟುಂಗಾದಲ್ಲಿ ಸೇರುವ ಕ್ರಮವಿಟ್ಟುಕೊಂಡಿದ್ದೇವೆ. ಸ್ಟೇಷನ್ನಿನ ಬಳಿ 1942ರಲ್ಲಿ ರಾಮಾ ನಾಯಕರು ತೆರೆದ ಉಡುಪಿ ಊಟದ ಮನೆಗೆ ತಿಂಗಳಿಗೊಂದು ಸಲ. ಮಕ್ಕಳನ್ನೂ ಕರೆತರುತ್ತೇವೆ. ಎಲೆಯ ಮುಂದೆ ಅವರು ತಮ್ಮೊಳಗೆ ಹಿಂದಿಯಲ್ಲಿ ಜಗಳವಾಡುತ್ತಾರೆ, ನಮ್ಮೊಡನೆ ಕನ್ನಡದಲ್ಲಿ ದೂರು ಕೊಡುತ್ತಾರೆ. ಸದ್ಯಕ್ಕೆ ಅಷ್ಟಾದರೂ ಇದೆ.

ಆ ಪಾಸ್‌ಪುಸ್ತಕದ ಹಣ ದೊಡ್ಡ ಮೊತ್ತವೇನಲ್ಲ. ಆದರೂ ಹುಡುಗನು ವಾರಸುದಾರಿಕೆಯ ಕಾಗದಪತ್ರ ಹಿಡಿದುಕೊಂಡು ಮುಂದಿನ ವಾರ ಬರುತ್ತಿದ್ದಾನೆ. ಕೆಲಸಕ್ಕಿಂತ ಹೆಚ್ಚಾಗಿ, ತನ್ನ ತಂದೆ ಮಲಗುತ್ತಿದ್ದ ಹೋಟೆಲು ಎಲ್ಲಿತ್ತೆಂದು ನೋಡಬೇಕಂತೆ. ಎರಡು ವರ್ಷದಿಂದ ಪ್ರತಿ ಭಾನುವಾರವೂ ತಂದೆಯವರಿಗೆ ಅವನ ಫೋನು ಬರುತ್ತದೆ. ರೈಲು ಠಾಣೆಗೆ ಬರುವುದು ಬೆಳಗಿನ ಜಾವ. ನಾನು ಹೋಗಿ ಕರೆತರುತ್ತೇನೆಂದೆ. ಬೇಡ, ಅವನನ್ನು ನಾನೇ ಕರೆತರಬೇಕು ಎಂದು ತಂದೆಯವರು ಹಟ ಹಿಡಿದಿದ್ದಾರೆ. ಅವನಿಗಾಗಿ ಹಾಸಿಗೆಯನ್ನು ಈಗಾಗಲೇ ಬಿಸಿಲಿಗೆ ಹಾಕಿಸಿದ್ದಾರೆ.